ಹಾಡುವವರಿಗೂ ಡಾಕ್ಟರೇಟ್ ಏಕೆ?

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)

 

ಪ್ರತಿವರ್ಷ ಈ ಸಭೆಯಲ್ಲಿ ಓದಿನ ಒಂದು ದಾರಿಯನ್ನು ಎತ್ತಿಕೊಂಡು ವಿವರಿಸುವುದು ನಮ್ಮ ಸಮಿತಿಯ ರೂಢಿ. ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ಬಗ್ಗೆ ಈಗ ನಮ್ಮ ಮನೆಗಳಲ್ಲಿ ಸಾಕಷ್ಟು ತಿಳಿವಳಿಕೆ ಇದೆ. ಯಾವ ಪರೀಕ್ಷೆ ಬರೆಯಬೇಕು, ಎಷ್ಟು ಶುಲ್ಕ, ಮುಗಿಸಿದ ಮೇಲೆ ಏನು ಎಂಬುದನ್ನು ಮಕ್ಕಳೇ ನಮಗೆ ಹೇಳುತ್ತಾರೆ. ಅಂಥ ತಿಳಿವಳಿಕೆ ಇನ್ನೂ ಬಾರದ ಒಂದು ದಾರಿಯ ಬಗ್ಗೆ ಇಂದು ಮಾತನಾಡುತ್ತೇವೆ. ಅದು ಸಂಗೀತದಲ್ಲಿ, ಅದರಲ್ಲೂ ಹಾಡುಗಾರಿಕೆ ಮತ್ತು ವಾದ್ಯವಾದನದಲ್ಲಿ ಡಾಕ್ಟರೇಟ್ ಮಾಡುವ ದಾರಿ.

ಈ ಮಾತು ಎತ್ತಿದೊಡನೆ ಎರಡು ಪ್ರಶ್ನೆಗಳು ಏಳುತ್ತವೆ. ತಂದೆ ತಾಯಂದಿರು ಕೇಳುವುದು, ‘ಹಾಡುವವನಿಗೆ ಡಾಕ್ಟರೇಟ್ ಏಕೆ ಬೇಕು? ಅದರಿಂದ ಹೊಟ್ಟೆ ತುಂಬುತ್ತದೆಯೇ?’ ದಾನಿಗಳು ಕೇಳುವುದು, ‘ಇದಕ್ಕೆ ನಮ್ಮ ಹಣ ಏಕೆ?’ ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡಕ್ಕೂ ನೇರವಾಗಿ ಉತ್ತರಿಸಲು ಪ್ರಯತ್ನಿಸುತ್ತೇವೆ.

ಮೊದಲು ಡಾಕ್ಟರೇಟ್ ಎಂಬ ಮಾತಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಗೌರವ ಡಾಕ್ಟರೇಟ್ ಬೇರೆ, ದುಡಿದು ಪಡೆಯುವ ಡಾಕ್ಟರೇಟ್ ಬೇರೆ. ಶಹನಾಯಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರಿಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇಡೀ ಬಾಳಿನ ಸಾಧನೆಗೆ ವಿಶ್ವವಿದ್ಯಾಲಯ ತಲೆಬಾಗುವ ರೀತಿ ಅದು. ಅದಕ್ಕೆ ಅರ್ಜಿ ಹಾಕುವಂತಿಲ್ಲ, ಶುಲ್ಕ ಕಟ್ಟುವಂತಿಲ್ಲ, ಅದನ್ನು ತೋರಿಸಿ ಅಧ್ಯಾಪಕರ ಹುದ್ದೆ ಕೇಳುವಂತೆಯೂ ಇಲ್ಲ. ಹಣ ಪಡೆದು ಶಾಲು, ಟೋಪಿ, ಪ್ರಮಾಣಪತ್ರ ಕೊಟ್ಟು ‘ಡಾಕ್ಟರ್’ ಎಂದು ಕರೆಯುವ ಸಂಸ್ಥೆಗಳು ಇತ್ತೀಚೆಗೆ ಹೆಚ್ಚಾಗಿವೆ. ಅಂಥ ಕರೆ ನಿಮ್ಮ ಮನೆಗೆ ಬಂದರೆ, ಆ ಸಂಸ್ಥೆಗೆ ಪದವಿ ಕೊಡುವ ಅಧಿಕಾರ ಇದೆಯೇ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಆಯೋಗ ನಕಲಿ ವಿಶ್ವವಿದ್ಯಾಲಯಗಳ ಹೆಸರನ್ನೂ ಪ್ರಕಟಿಸುತ್ತದೆ.

ದುಡಿದು ಪಡೆಯುವ ಡಾಕ್ಟರೇಟ್‌ನಲ್ಲೂ ಎರಡು ಬಗೆ ಇದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವುದು ಪಿಎಚ್‌ಡಿ. ಇಲ್ಲಿ ಮಹಾಪ್ರಬಂಧವೇ ಪ್ರಧಾನ. ಹಾಡಬಲ್ಲವರಾಗಿದ್ದರೆ ಒಳ್ಳೆಯದು, ಆದರೆ ಕೊನೆಗೆ ಪರೀಕ್ಷಕರ ಕೈಗೆ ಹೋಗುವುದು ಬರೆದ ಗ್ರಂಥ. ಅಮೆರಿಕದಲ್ಲಿ ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್ ಎಂಬ ಇನ್ನೊಂದು ಪದವಿ ಇದೆ. 1950ರ ದಶಕದಲ್ಲಿ ರಾಚೆಸ್ಟರ್ ನಗರದ ಈಸ್ಟ್‌ಮನ್ ಸಂಗೀತ ಶಾಲೆ ಇದಕ್ಕೆ ದಾರಿ ಹಾಕಿಕೊಟ್ಟಿತು. ಇದರಲ್ಲಿ ಅಭ್ಯರ್ಥಿ ಹಲವು ಸಾರ್ವಜನಿಕ ಕಛೇರಿಗಳನ್ನು ಪರೀಕ್ಷಕರ ಮುಂದೆ ಕೊಡಬೇಕು, ಸಂಗೀತದ ಇತಿಹಾಸ ಮತ್ತು ಶಾಸ್ತ್ರದಲ್ಲಿ ಲಿಖಿತ ಮತ್ತು ಮೌಖಿಕ ಪರೀಕ್ಷೆಗಳನ್ನು ದಾಟಬೇಕು, ಜೊತೆಗೆ ಒಂದು ಸಂಶೋಧನಾ ಬರಹವನ್ನೂ ಒಪ್ಪಿಸಬೇಕು. ನುಡಿಸುತ್ತಾ ನುಡಿಸುತ್ತಾ ವಿವರಿಸುವ ಉಪನ್ಯಾಸ ಕಛೇರಿಯೂ ಅನೇಕ ಕಡೆ ಕಡ್ಡಾಯ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಧ್ವನಿಮುದ್ರಣಗಳ ಸಂಪುಟ ಮತ್ತು ಅದರ ಮೇಲಿನ ವಿವರಣೆ ಸೇರಿ ಪಿಎಚ್‌ಡಿ ಆಗುತ್ತದೆ.

ದಾರಿ ಯಾವುದಾದರೂ ಕೇಳುವುದು ಒಂದನ್ನೇ. ನಿಮ್ಮ ಕೈಗೆ ಅಥವಾ ಕಂಠಕ್ಕೆ ಗೊತ್ತಿರುವುದನ್ನು ಬೇರೆಯವರು ಪರಿಶೀಲಿಸಬಹುದಾದ ಮಾತಿನಲ್ಲಿ ಹೇಳಬಲ್ಲಿರಾ? ಡಾಕ್ಟರೇಟ್ ಇದಕ್ಕೇ ಸಿಗುವುದು.

‘ಇದೆಲ್ಲ ಎಲ್ಲಿಯದೋ ವಿದೇಶಿ ವಿಚಾರ’ ಎಂದು ಯಾರಿಗಾದರೂ ಅನ್ನಿಸಿದರೆ ಸ್ವಲ್ಪ ಹಿಂದೆ ಹೋಗಿ ನೋಡೋಣ. 1886ರಲ್ಲಿ ಬರೋಡಾದಲ್ಲಿ ಗಾಯನಶಾಲೆ ಎಂಬ ಸಂಗೀತ ಶಾಲೆ ಆರಂಭವಾಯಿತು. ಅದನ್ನು ಕಟ್ಟಿದವರು ಉಸ್ತಾದ್ ಮೌಲಾ ಬಕ್ಷ್. ಮೈಸೂರು ಆಸ್ಥಾನದಲ್ಲೂ ಗೌರವ ಪಡೆದು, ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿದ್ದ ಹಿಂದೂಸ್ತಾನಿ ವಿದ್ವಾಂಸರು ಅವರು. ಬಾಯಿಂದ ಬಾಯಿಗೆ ಮಾತ್ರ ಹೋಗುತ್ತಿದ್ದ ಸಂಗೀತವನ್ನು ಅವರು ಸ್ವರಲಿಪಿಯಲ್ಲಿ ಬರೆದು, ಪುಸ್ತಕ ಮಾಡಿ, ತರಗತಿಯಲ್ಲಿ ಕಲಿಸಿದರು. ಅವರ ಶಾಲೆ ಬೆಳೆದು ಇಂದು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗವಾಗಿದೆ.

ನಮಗೆ ಇನ್ನೂ ಹತ್ತಿರದ ಹೆಸರು ಉಸ್ತಾದ್ ಅಬ್ದುಲ್ ಕರೀಂ ಖಾನ್. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿ, ಮೈಸೂರಿಗೂ ಧಾರವಾಡಕ್ಕೂ ಬಂದು ಹೋಗಿ ಇದ್ದವರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡದ ಹೆಸರನ್ನು ದೇಶಕ್ಕೆ ಕೇಳಿಸಿದ ಕಿರಾನಾ ಗಾಯನ ಹೀಗೆ ಒಬ್ಬ ಉಸ್ತಾದರ ತಾಲೀಮಿನಿಂದ ಇಳಿದು ಬಂದದ್ದು. ಹಾಡುವುದರ ಜೊತೆಗೆ ಸಂಶೋಧನೆಗೂ ಅವರು ಕೈ ಹಾಕಿದ್ದರು. ಶ್ರುತಿಗಳ ಅಳತೆಯ ಬಗ್ಗೆ ಕೃಷ್ಣಾಜಿ ಬಲ್ಲಾಳ ದೇವಲ್ ಅವರು ನಡೆಸಿದ ಕೆಲಸದಲ್ಲಿ ತಮ್ಮ ಕಂಠವನ್ನೇ ಪುರಾವೆಯಾಗಿ ಒಡ್ಡಿದರು. ಶ್ರುತಿ ಎಷ್ಟು ಸೂಕ್ಷ್ಮ ಎಂಬುದನ್ನು ಹಾಡಿ ತೋರಿಸುವವರಿಲ್ಲದೆ ಲೆಕ್ಕ ಮಾಡುವವರ ಕೆಲಸ ಮುಂದೆ ಸಾಗುತ್ತಿರಲಿಲ್ಲ. ಇಂದು ವಿಶ್ವವಿದ್ಯಾಲಯಗಳು ‘ಪ್ರದರ್ಶನ ಆಧಾರಿತ ಸಂಶೋಧನೆ’ ಎಂದು ಕರೆಯುವುದು ಹೆಚ್ಚು ಕಡಿಮೆ ಇದನ್ನೇ.

ಧಾರವಾಡದಲ್ಲಿ ನೆಲೆಸಿದ ಸಿತಾರ್ ರತ್ನ ರಹಿಮತ್ ಖಾನ್ ಅವರ ಮನೆತನವನ್ನೂ ಇಲ್ಲಿ ನೆನೆಯಬೇಕು. ಅವರ ಮಗ, ಮೊಮ್ಮಕ್ಕಳು, ಅವರ ಮಕ್ಕಳು ಎಂದು ತಲೆಮಾರುಗಳುದ್ದಕ್ಕೂ ಸಿತಾರ್ ಅದೇ ಊರಿನಲ್ಲಿ ಉಳಿದಿದೆ. ಅವರು ನುಡಿಸುವ ವಾದ್ಯದ ಹಿಂದೆ ಮಿರಜಿನ ಕುಶಲಕರ್ಮಿಗಳಿದ್ದಾರೆ. ಅಲ್ಲಿ ಸಿತಾರ್ ಮತ್ತು ತಂಬೂರಿ ಮಾಡುವ ಮುಸ್ಲಿಂ ಮನೆತನಗಳ ಕೆಲಸಕ್ಕೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮ ಸುತ್ತಲಿನ ಜನರ ಕೈಯಲ್ಲಿ ಇಷ್ಟೊಂದು ವಿದ್ಯೆ ಇದೆ. ಅದರ ಬಗ್ಗೆ ಬರೆಯುವ ಕೆಲಸವನ್ನು ಮಾತ್ರ ಬಹುಮಟ್ಟಿಗೆ ಬೇರೆಯವರು ಮಾಡಿದ್ದಾರೆ. ಅವರಿಗೆ ನಾವು ಕೃತಜ್ಞರು. ಆದರೆ ಒಳಗಿನಿಂದ ಬಲ್ಲವರು ಬರೆದಾಗ ಬರುವ ಅರಿವು ಬೇರೆಯದೇ.

ಇದಕ್ಕೆ ಒಂದು ನಿಜವಾದ ಉದಾಹರಣೆ ಡಾ. ಪ್ರಭಾ ಅತ್ರೆ. 1932ರಲ್ಲಿ ಪುಣೆಯಲ್ಲಿ ಹುಟ್ಟಿ 2024ರ ಜನವರಿಯಲ್ಲಿ ತೀರಿಕೊಂಡ ಕಿರಾನಾ ಗಾಯಕಿ. ವಿಜ್ಞಾನದಲ್ಲಿ ಪದವಿ, ಕಾನೂನಿನಲ್ಲಿ ಪದವಿ ಪಡೆದಿದ್ದರು. ಅವರಿಗೆ ಕಲಿಸಿದ ಸುರೇಶಬಾಬು ಮಾನೆ ಮತ್ತು ಹೀರಾಬಾಯಿ ಬಡೋದೇಕರ್ ಇಬ್ಬರೂ ಅಬ್ದುಲ್ ಕರೀಂ ಖಾನರ ಮಕ್ಕಳು. ಪ್ರಭಾ ಅತ್ರೆ ಸಂಗೀತದಲ್ಲಿ ಡಾಕ್ಟರೇಟ್ ಮಾಡಿದ್ದು ಸರಗಮ್ ಬಗ್ಗೆ. ಹಾಡಿನ ಮಾತುಗಳನ್ನು ಬಿಟ್ಟು ಸ ರಿ ಗ ಮ ಎಂಬ ಸ್ವರಗಳ ಹೆಸರನ್ನೇ ಹಾಡಿ ರಾಗವನ್ನು ಬೆಳೆಸುವುದಕ್ಕೆ ಸರಗಮ್ ಎನ್ನುತ್ತಾರೆ. ಅಬ್ದುಲ್ ಕರೀಂ ಖಾನರು ಹೆಸರಾಗಿದ್ದುದು ಈ ಸರಗಮ್‌ಗೆ. ದಕ್ಷಿಣದ ಸ್ವರ ಕಲ್ಪನೆಯ ಸಂಪರ್ಕದಿಂದ ಅವರ ಗಾಯನದಲ್ಲಿ ಇದು ಬಲಗೊಂಡಿತು ಎಂದು ತಿಳಿದವರು ಹೇಳುತ್ತಾರೆ.

ಇಲ್ಲಿ ಏನಾಯಿತು ನೋಡಿ. ತಾನು ದಿನವೂ ಹಾಡುವ ಒಂದು ವಿಷಯವನ್ನೇ ಒಬ್ಬ ಗಾಯಕಿ ಎದುರಿಗಿಟ್ಟುಕೊಂಡು, ಇದು ಏಕೆ ಹೀಗಿದೆ, ಕಛೇರಿಯಲ್ಲಿ ಇದರ ಕೆಲಸವೇನು ಎಂದು ಕೇಳಿದರು. ಪ್ರಶ್ನೆ ಹುಟ್ಟಿದ್ದು ಅವರ ಕಂಠದಲ್ಲಿ, ಉತ್ತರ ಸಿಕ್ಕಿದ್ದು ಸಂಶೋಧನೆಯಲ್ಲಿ. ಮುಂದೆ ಅವರು ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾದರು. ಹಾಡುವುದನ್ನು ಕೊನೆಯವರೆಗೂ ಬಿಡಲಿಲ್ಲ. 2022ರಲ್ಲಿ ಪದ್ಮವಿಭೂಷಣ ಬಂತು. ಡಾಕ್ಟರೇಟ್ ಮಾಡಿದರೆ ಹಾಡುಗಾರಿಕೆ ಕೆಡುತ್ತದೆ ಎನ್ನುವವರಿಗೆ ಈ ಒಂದು ಬಾಳು ಸಾಕಾದ ಉತ್ತರ.

ನಮ್ಮ ವಿದ್ಯಾರ್ಥಿಗಳೂ ಹೀಗೆಯೇ ಹತ್ತಿರದಿಂದ ಪ್ರಶ್ನೆ ಹುಡುಕಬೇಕು. ಹಳೆಯ ಗ್ರಾಮೋಫೋನ್ ತಟ್ಟೆಯಲ್ಲಿ ಮೂರು ನಿಮಿಷ ಮಾತ್ರ ಹಾಡಲು ಸಾಧ್ಯವಿತ್ತು. ಒಂದು ಗಂಟೆ ಬೆಳೆಸುವ ರಾಗವನ್ನು ಉಸ್ತಾದರು ಮೂರು ನಿಮಿಷಕ್ಕೆ ಹೇಗೆ ಇಳಿಸಿದರು? ಏನನ್ನು ಬಿಟ್ಟರು, ಏನನ್ನು ಉಳಿಸಿದರು? ಇದನ್ನು ಕೇಳಿ, ಬರೆದು, ತಾನೇ ಹಾಡಿ ತೋರಿಸಿದರೆ ಅದೊಂದು ಒಳ್ಳೆಯ ಸಂಶೋಧನೆ. ಮಿರಜಿನ ತಂಬೂರಿಯ ಕುದುರೆಯ ಮೇಲೆ ಎಳೆಯುವ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಏಕೆ ಅರಳುತ್ತದೆ ಎಂಬುದೂ ಒಳ್ಳೆಯ ಪ್ರಶ್ನೆಯೇ. ‘ಭಾರತೀಯ ಸಂಗೀತ: ಒಂದು ಅಧ್ಯಯನ’ ಎಂಬಂಥ ಅಗಲವಾದ ವಿಷಯಗಳು ಎಲ್ಲಿಗೂ ಮುಟ್ಟುವುದಿಲ್ಲ.

ಈಗ ನಮ್ಮ ದೇಶದ ನಿಯಮಗಳಿಗೆ ಬರೋಣ. ಪೋಷಕರು ದಯವಿಟ್ಟು ಗಮನವಿಟ್ಟು ಕೇಳಬೇಕು.

ಪಿಎಚ್‌ಡಿಗೆ ಸಂಬಂಧಿಸಿದ ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯ ಮೂಲಕ ಸೇರುವವರಿಗೆ ಅದರಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ದುರ್ಬಲರು ಇವರಿಗೆ ಶೇ. 5ರಷ್ಟು ವಿನಾಯಿತಿ ಇದೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಹೆಚ್ಚುವರಿ ಅವಕಾಶವಿದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಸಿಗುತ್ತದೆ. ಮದುವೆಯ ಮಾತು ಬಂದಾಗ ಮಗಳ ಓದು ನಿಂತೇಹೋಗಬೇಕು ಎಂಬ ಕಾನೂನು ಎಲ್ಲಿಯೂ ಇಲ್ಲ. ಇದನ್ನು ಮನೆಯಲ್ಲಿ ಕುಳಿತು ಗಂಡಿನ ಕಡೆಯವರಿಗೂ ಹೇಳಬಹುದು.

ಆರಂಭದಲ್ಲಿ ಸಂಶೋಧನಾ ವಿಧಾನ ಕಲಿಸುವ ಕೋರ್ಸ್‌ವರ್ಕ್ ಇರುತ್ತದೆ. ಆಮೇಲೆ ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಲಹಾ ಸಮಿತಿಯ ಮುಂದೆ ಹೋಗಿ ಎಷ್ಟು ಕೆಲಸವಾಗಿದೆ ಎಂದು ಹೇಳಬೇಕು. ಕೊನೆಗೆ ಪ್ರಬಂಧ ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ, ಮುಕ್ತ ಮೌಖಿಕ ಪರೀಕ್ಷೆ ನಡೆಯುತ್ತದೆ. ಮಾರ್ಗದರ್ಶಕರ ಮಿತಿಯೂ ಗೊತ್ತಿರಲಿ. ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನು ಮಾತ್ರ ತೆಗೆದುಕೊಳ್ಳಬಹುದು. ಸಂಗೀತ ವಿಭಾಗಗಳು ಚಿಕ್ಕವು, ಆದ್ದರಿಂದ ಸೀಟುಗಳು ಕಡಿಮೆ. ಎಂ.ಎ. ಎರಡನೇ ವರ್ಷದಲ್ಲಿರುವಾಗಲೇ ಮಾರ್ಗದರ್ಶಕರನ್ನು ಹುಡುಕಲು ಆರಂಭಿಸಬೇಕು.

ಸಂಗೀತದ ವಿದ್ಯಾರ್ಥಿಗೆ ಒಂದು ವಿಶೇಷ ಸಂಕಟವಿದೆ. ಅವರಿಗೆ ಇಬ್ಬರು ಗುರುಗಳು. ಒಬ್ಬರು ತಾಲೀಮು ಕೊಡುವ ಉಸ್ತಾದ್, ಇನ್ನೊಬ್ಬರು ಪ್ರಬಂಧ ನೋಡುವ ಮಾರ್ಗದರ್ಶಕರು. ಉಸ್ತಾದರು, ‘ಬೆಳಿಗ್ಗೆ ಎದ್ದು ಖರ್ಜ ಹಚ್ಚು, ಪುಸ್ತಕ ಆಮೇಲೆ’ ಎನ್ನುತ್ತಾರೆ. ಮಾರ್ಗದರ್ಶಕರು, ‘ಅಧ್ಯಾಯ ಎಲ್ಲಿ?’ ಎನ್ನುತ್ತಾರೆ. ಇಬ್ಬರೂ ಹೇಳುವುದು ಸರಿಯೇ. ಸೇರುವ ಮೊದಲೇ ಇಬ್ಬರಿಗೂ ವಿಷಯ ತಿಳಿಸಿ ಒಪ್ಪಿಗೆ ಪಡೆಯುವುದು ಅದಬ್. ಉಸ್ತಾದರ ಮನೆಯ ಬಂದಿಶ್‌ಗಳನ್ನು ಪ್ರಬಂಧದಲ್ಲಿ ಅಚ್ಚು ಮಾಡುವುದಿದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಕೇಳಬೇಕು. ಅದು ಅವರ ಮನೆತನದ ಆಸ್ತಿ.

ನಮ್ಮ ರಾಜ್ಯದಲ್ಲಿ ಸಂಗೀತದ ಉನ್ನತ ಓದಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯಗಳ ಜೊತೆಗೆ ಮೈಸೂರಿನಲ್ಲಿ ಸಂಗೀತಕ್ಕೆಂದೇ ಸ್ಥಾಪಿತವಾದ ವಿಶ್ವವಿದ್ಯಾಲಯವೂ ಇದೆ. ಅದಕ್ಕೆ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಇಟ್ಟಿದ್ದಾರೆ. ಪ್ರಾಥಮಿಕ ಹಂತಕ್ಕೇ ಶಾಲೆ ನಿಂತುಹೋದ ಹೆಣ್ಣುಮಗಳು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಕಲಿತವರು. ಇಂದು ಅವರ ಹೆಸರಿನ ವಿಶ್ವವಿದ್ಯಾಲಯ ಪದವಿಗಳನ್ನು ಕೊಡುತ್ತಿದೆ. ಪದವಿ ಇಲ್ಲದೆಯೂ ದೊಡ್ಡ ಸಂಗೀತಗಾರರಾಗಬಹುದು ಎಂಬುದಕ್ಕೆ ಅವರೇ ಸಾಕ್ಷಿ. ಹಾಗಾದರೆ ಪದವಿ ಯಾತಕ್ಕೆ? ಕಲಿಸುವ ಹುದ್ದೆಗೆ, ಸಂಶೋಧನೆಗೆ, ಮುಂದಿನವರಿಗೆ ದಾಖಲೆ ಬಿಟ್ಟುಹೋಗುವುದಕ್ಕೆ. ಒಳ್ಳೆಯ ಕಂಠ ಕೊಡುವುದಕ್ಕೆ ಯಾವ ವಿಶ್ವವಿದ್ಯಾಲಯಕ್ಕೂ ಆಗುವುದಿಲ್ಲ.

ವಿದೇಶಕ್ಕೆ ಹೋಗಲು ಬಯಸುವವರಿಗೆ ಒಂದು ಮಾತು. ಅಮೆರಿಕದ ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್ ಹೆಚ್ಚಿನ ಕಡೆ ಪಾಶ್ಚಾತ್ಯ ಸಂಗೀತಕ್ಕೆ ಸಂಬಂಧಿಸಿದ್ದು. ಪಿಯಾನೊ, ಪಿಟೀಲು, ವಾದ್ಯವೃಂದದ ನಿರ್ದೇಶನ ಇತ್ಯಾದಿ. ಸಿತಾರ್ ಅಥವಾ ಖಯಾಲ್ ಕಲಿತವರು ಅಲ್ಲಿ ಸಾಮಾನ್ಯವಾಗಿ ಸಂಗೀತಶಾಸ್ತ್ರ ಅಥವಾ ಜನಾಂಗೀಯ ಸಂಗೀತ ಅಧ್ಯಯನದ ಪಿಎಚ್‌ಡಿಗೆ ಸೇರುತ್ತಾರೆ. ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಾಗಾಲಾಪನೆಯ ಬಗ್ಗೆ ಡಾಕ್ಟರೇಟ್ ಪಡೆದು, ಅಲ್ಲಿಯೇ ಬಹುಕಾಲ ಕಲಿಸಿದರು. ಪ್ರವೇಶಕ್ಕೆ ಮೊದಲು ವಿಡಿಯೊ ಮುದ್ರಣ ಕಳಿಸಬೇಕು, ಆಮೇಲೆ ಆಡಿಷನ್ ಇರುತ್ತದೆ, ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಬೋಧನಾ ಸಹಾಯಕರಾಗಿ ಆಯ್ಕೆಯಾದರೆ ಶುಲ್ಕ ಮಾಫಿ ಮತ್ತು ಮಾಸಿಕ ಭತ್ಯೆ ಸಿಗುವುದುಂಟು. ಅದಿಲ್ಲದೆ ಸಾಲ ಮಾಡಿ ಹೋಗಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಸುಳ್ಳು ಭರವಸೆ ಕೊಡಲಾರೆವು. ಕಾಲೇಜುಗಳಲ್ಲಿ ಸಂಗೀತದ ಕಾಯಂ ಹುದ್ದೆಗಳು ಕಡಿಮೆ. ಪಿಎಚ್‌ಡಿ ಮುಗಿಸಿದವರೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವುದುಂಟು. 2023ರ ಜುಲೈನಲ್ಲಿ ಯುಜಿಸಿ ಮಾಡಿದ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಆದ್ದರಿಂದ ನೆಟ್ ಬಿಟ್ಟು ಪಿಎಚ್‌ಡಿ ಮಾತ್ರ ಮಾಡುವುದು ಜಾಣತನವಲ್ಲ. ಹೆಸರಾಂತ ಗುರುಗಳಲ್ಲಿ ಕಲಿತು, ಪದವಿ ಇದ್ದು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ ಪಡೆದ ಕಲಾವಿದರಿಗೂ ಸಂಗೀತ ವಿಭಾಗದಲ್ಲಿ ಬೋಧಕರಾಗಲು ಯುಜಿಸಿ ನಿಯಮ ಬೇರೊಂದು ಬಾಗಿಲು ತೆರೆದಿಟ್ಟಿದೆ. ಹಾಗಾಗಿ ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ನೆಟ್ ಬರೆಯಿರಿ, ಆಕಾಶವಾಣಿಯ ಧ್ವನಿಪರೀಕ್ಷೆಗೆ ಹೋಗಿ, ಆಮೇಲೆ ಅಥವಾ ಜೊತೆಗೆ ಪಿಎಚ್‌ಡಿ ಮಾಡಿ. ಮೂರರಲ್ಲಿ ಒಂದು ಕೈಕೊಟ್ಟರೂ ಇನ್ನೆರಡು ನಿಲ್ಲುತ್ತವೆ.

ನೆಟ್‌ನಲ್ಲಿ ಜೆಆರ್‌ಎಫ್ ದೊರೆತರೆ 2023ರಿಂದ ಜಾರಿಯಲ್ಲಿರುವ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಫೆಲೋಶಿಪ್ ಸಿಗುತ್ತದೆ. ಸಂಗೀತವೂ ನೆಟ್‌ನ ವಿಷಯಗಳಲ್ಲೊಂದು. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ಕಾಲ ಶಿಷ್ಯವೇತನ ಕೊಡುತ್ತದೆ. ಅದಕ್ಕೂ ಮೇಲ್ಪಟ್ಟ ವಯಸ್ಸಿನವರಿಗೆ ಕಿರಿಯ ಮತ್ತು ಹಿರಿಯ ಫೆಲೋಶಿಪ್‌ಗಳಿವೆ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಾಗಿ 2009ರಿಂದ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್‌ಗೆ 2022–23ರಿಂದ ಹೊಸ ಆಯ್ಕೆ ನಿಂತಿದೆ. ಜೆಆರ್‌ಎಫ್ ಸಿಗದ, ಆದರೆ ಪ್ರತಿಭೆಯುಳ್ಳ ನಮ್ಮ ಮಕ್ಕಳ ಮುಂದೆ ಇದ್ದ ಒಂದು ಮುಖ್ಯ ಬಾಗಿಲು ಹೀಗೆ ಮುಚ್ಚಿತು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಯೋಜನೆಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ತಪ್ಪದೆ ನೋಡಿಕೊಳ್ಳಿ. ಇವೆಲ್ಲ ಸಿಗದೆ ಹೋದವರಿಗಾಗಿಯೇ ನಾವು ಯೋಚಿಸುತ್ತಿರುವುದು.

ದಾನಿಗಳೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇವೆ.

ಈ ವಿದ್ಯಾರ್ಥಿಗೆ ಬೇಕಾಗಿರುವುದು ಏನು? ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಶುಲ್ಕ ವೈದ್ಯಕೀಯ ಶುಲ್ಕದಂತೆ ಬೆನ್ನು ಮುರಿಯುವಂಥದ್ದಲ್ಲ. ಇಲ್ಲಿ ದುಬಾರಿಯಾಗಿರುವುದು ಹೊತ್ತು. ದಿನಕ್ಕೆ 4 ಗಂಟೆ ರಿಯಾಜ್, ವರ್ಷಕ್ಕೆ 300 ದಿನ ಎಂದು ಲೆಕ್ಕ ಹಾಕಿ. ವರ್ಷಕ್ಕೆ 1,200 ಗಂಟೆ, ಐದು ವರ್ಷಕ್ಕೆ 6,000 ಗಂಟೆ. ಇದು ರಿಯಾಜ್ ಒಂದಕ್ಕೇ. ಓದು, ಬರಹ, ಹಳೆಯ ಮುದ್ರಣಗಳನ್ನು ಕೇಳುವುದು ಬೇರೆ. ಮನೆ ನಡೆಸಲು ಬೆಳಿಗ್ಗೆ ಎರಡು ಕಡೆ, ಸಂಜೆ ಮೂರು ಕಡೆ ಟ್ಯೂಷನ್ ಹೇಳಿಕೊಡುವ ಹುಡುಗನಿಗೆ ಕಂಠ ಹಗುರವಾಗಿರುವ ಹೊತ್ತೆಲ್ಲ ಮಾರಾಟವಾಗಿ ಹೋಗುತ್ತದೆ. ಹಿಂದೆ ಈ ಹೊತ್ತನ್ನು ಅರಮನೆಗಳು, ಸಂಸ್ಥಾನಗಳು ಕೊಂಡು ಕಲಾವಿದನ ಕೈಗೆ ಮರಳಿ ಕೊಡುತ್ತಿದ್ದವು. ಮೈಸೂರು, ಬರೋಡಾ ಆಸ್ಥಾನಗಳು ಸಂಗೀತಕ್ಕೆ ಮಾಡಿದ ಉಪಕಾರ ಮುಖ್ಯವಾಗಿ ಇದೇ. ಈಗ ಆ ಆಸ್ಥಾನಗಳಿಲ್ಲ. ನೂರು ಮಂದಿ ಸ್ವಲ್ಪ ಸ್ವಲ್ಪ ಕೊಟ್ಟರೆ ಆ ಕೆಲಸ ನಡೆಯುತ್ತದೆ. ನೀವು ಕೊಡುವ ಶಿಷ್ಯವೇತನದಿಂದ ಆ ಹುಡುಗನಿಗೆ ಸಿಗುವುದು ಬೆಳಗಿನ ನಾಲ್ಕು ಗಂಟೆ.

ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದಿದ್ದರೂ ಅನೇಕರ ಮನಸ್ಸಿನಲ್ಲಿದೆ ಎಂದು ನಮಗೆ ಗೊತ್ತು. ಸಂಗೀತದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಹಳೆಯದು, ಇಂದಿಗೂ ಇದೆ. ಅದರಲ್ಲಿ ತೀರ್ಪು ಹೇಳುವ ಅರ್ಹತೆಯಾಗಲಿ ಅಧಿಕಾರವಾಗಲಿ ಒಂದು ವಿದ್ಯಾರ್ಥಿವೇತನ ಸಮಿತಿಗೆ ಇಲ್ಲ. ನಮ್ಮ ಕೈಯಲ್ಲಿರುವುದು ಲೆಕ್ಕಪತ್ರದ ಅಮಾನತ್. ಅದನ್ನು ಹೀಗೆ ಕಾಯುತ್ತೇವೆ. ಝಕಾತ್ ಖಾತೆಯ ಒಂದು ರೂಪಾಯಿಯೂ ಈ ಶಿಷ್ಯವೇತನಕ್ಕೆ ಹೋಗುವುದಿಲ್ಲ. ಝಕಾತ್‌ಗೆ ಅದರದೇ ಹಕ್ಕುದಾರರಿದ್ದಾರೆ. ಸಾಮಾನ್ಯ ದೇಣಿಗೆಯಲ್ಲೂ, ‘ನಮ್ಮ ಹಣ ಇದಕ್ಕೆ ಬೇಡ’ ಎಂದವರ ಹಣವನ್ನು ಮುಟ್ಟುವುದಿಲ್ಲ. ಲಲಿತಕಲೆಗಳ ಸಂಶೋಧನೆಗೆ ಎಂದು ಬರೆದು ಕೊಟ್ಟವರ ಹಣ ಮಾತ್ರ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಅದರ ಲೆಕ್ಕ ವಾರ್ಷಿಕ ವರದಿಯಲ್ಲಿ ಪ್ರತ್ಯೇಕವಾಗಿಯೇ ಅಚ್ಚಾಗುತ್ತದೆ. ಬೇರೆ ಅಭಿಪ್ರಾಯವುಳ್ಳ ಹಿರಿಯರನ್ನು ನಾವು ಗೌರವಿಸುತ್ತೇವೆ. ತಲೆತಲಾಂತರದಿಂದ ಇದೇ ವಿದ್ಯೆಯಿಂದ ಬದುಕಿದ ಮನೆತನಗಳ ಮಕ್ಕಳು ಓದಲು ಸಹಾಯ ಕೇಳಿ ಬಂದಾಗ, ಅವರ ಅರ್ಜಿಯನ್ನೂ ಮಿಕ್ಕವರ ಅರ್ಜಿಯಂತೆಯೇ ತೆರೆದು ಓದುತ್ತೇವೆ.

ಈ ಖಾತೆಗೆ ಕೊಡಲು ಮನಸ್ಸುಳ್ಳವರಲ್ಲಿ ಒಂದು ವಿಶೇಷ ಕೋರಿಕೆ. ದಯವಿಟ್ಟು ಒಂದು ವರ್ಷಕ್ಕೆಂದು ಕೊಡಬೇಡಿ, ನಾಲ್ಕು ವರ್ಷಕ್ಕೆ ಮಾತು ಕೊಡಿ. ಮೊತ್ತ ಚಿಕ್ಕದಾದರೂ ಪರವಾಗಿಲ್ಲ. ಪಿಎಚ್‌ಡಿಯ ಮೊದಲ ವರ್ಷ ಉತ್ಸಾಹದಲ್ಲಿ ಕಳೆಯುತ್ತದೆ, ತರಗತಿ ಇರುತ್ತದೆ, ಗೆಳೆಯರಿರುತ್ತಾರೆ. ಮೂರನೇ ವರ್ಷಕ್ಕೆ ಬರುವಾಗ ವಿದ್ಯಾರ್ಥಿ ಒಬ್ಬಂಟಿ. ಎದುರಿಗೆ ಅರ್ಧ ಬರೆದ ಪ್ರಬಂಧ, ಹಿಂದೆ ಮನೆಯ ಖರ್ಚು. ಆಗ ಸಹಾಯ ನಿಂತರೆ ಆವರೆಗೆ ಕೊಟ್ಟದ್ದೂ ನೀರಿನಲ್ಲಿ ಹೋಮ. ನಡುವೆ ಕೈಬಿಡುವ ಹತ್ತು ಶಿಷ್ಯವೇತನಗಳಿಗಿಂತ ಕೊನೆಯವರೆಗೆ ನಿಲ್ಲುವ ಒಂದೇ ಶಿಷ್ಯವೇತನ ಮೇಲು ಎಂದು ಸಮಿತಿ ತೀರ್ಮಾನಿಸಿದೆ. ಅದಕ್ಕಾಗಿಯೇ ನಾಲ್ಕು ವರ್ಷದ ಹಣ ಖಾತೆಯಲ್ಲಿ ಖಚಿತವಾದ ಮೇಲೆ ಮಾತ್ರ ಒಬ್ಬ ಅಭ್ಯರ್ಥಿಯ ಹೆಸರು ಪ್ರಕಟಿಸುತ್ತೇವೆ.

ತಂದೆ ತಾಯಂದಿರಿಗೂ ಒಂದು ಕೋರಿಕೆ. ಮಗು ಚೆನ್ನಾಗಿ ಹಾಡುತ್ತದೆ ಎಂಬ ಒಂದೇ ಕಾರಣಕ್ಕೆ ಡಾಕ್ಟರೇಟ್‌ಗೆ ಕಳಿಸಬೇಡಿ. ವೇದಿಕೆಯನ್ನು ಮಾತ್ರ ಪ್ರೀತಿಸುವವರಿಗೆ ಈ ದಾರಿ ಸೆರೆಮನೆಯಂತೆ ಕಾಣುತ್ತದೆ. ಹಾಡಿದ ಮೇಲೆ ‘ಇದು ಏಕೆ ಹೀಗೆ?’ ಎಂದು ಕೇಳುವ ಮಗು ನಿಮ್ಮ ಮನೆಯಲ್ಲಿದ್ದರೆ ಆ ಮಗುವನ್ನು ತಡೆಯಬೇಡಿ. ‘ಅಬ್ಬಾ, ಇನ್ನೂ ಎಷ್ಟು ವರ್ಷ ಓದಲಿ?’ ಎಂದು ಒಂದು ದಿನ ಸುಸ್ತಾಗಿ ಕೇಳಿದಾಗ ‘ಮುಗಿಯುವವರೆಗೆ’ ಎಂದು ಹೇಳುವ ಧೈರ್ಯ ನಿಮಗಿರಬೇಕು. ಸೇರುವ ಮೊದಲು ಮಕ್ಕಳು ಶೋಧಗಂಗಾ ಜಾಲತಾಣದಲ್ಲಿ ಸಂಗೀತದ ನಾಲ್ಕಾರು ಮಹಾಪ್ರಬಂಧಗಳನ್ನು ಓದಲಿ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಓದಿದ ಮೇಲೂ ಆಸೆ ಉಳಿದರೆ ಮುಂದೆ ಹೋಗಬಹುದು.

ಅರ್ಜಿ ಹಾಕುವವರು ಗಮನಿಸಬೇಕಾದ ವಿಷಯಗಳು ಇವು. ಎಂ.ಎ. ಅಥವಾ ತತ್ಸಮಾನ ಪದವಿಯ ಅಂಕಪಟ್ಟಿ, ಪಿಎಚ್‌ಡಿ ಪ್ರವೇಶ ಪತ್ರ ಅಥವಾ ಮಾರ್ಗದರ್ಶಕರ ಒಪ್ಪಿಗೆ ಪತ್ರ, ಕುಟುಂಬದ ಆದಾಯ ಪ್ರಮಾಣಪತ್ರ, ಬೇರೆಡೆಯಿಂದ ಫೆಲೋಶಿಪ್ ಬರುತ್ತಿದ್ದರೆ ಅದರ ವಿವರ. ಇವುಗಳ ಜೊತೆಗೆ ಇಪ್ಪತ್ತು ನಿಮಿಷದ ಒಂದು ಧ್ವನಿಮುದ್ರಣ ಬೇಕು. ಮೊಬೈಲಿನಲ್ಲಿ ಮಾಡಿದ್ದು ಸಾಕು, ಸ್ಟುಡಿಯೊಗೆ ಹಣ ಸುರಿಯಬೇಡಿ. ಕೊನೆಯದಾಗಿ, ಎರಡು ಪುಟದ ಬರಹ: ನಿಮ್ಮ ಸಂಶೋಧನೆಯ ಪ್ರಶ್ನೆ ಏನು, ಅದು ನಿಮ್ಮ ಅಭ್ಯಾಸದಲ್ಲಿ ಎಲ್ಲಿ ಹುಟ್ಟಿತು ಎಂದು. ಕನ್ನಡ, ಉರ್ದು ಅಥವಾ ಇಂಗ್ಲಿಷಿನಲ್ಲಿ ಬರೆಯಬಹುದು. ಹಿಂದೂಸ್ತಾನಿ, ಕರ್ನಾಟಕ, ಪಾಶ್ಚಾತ್ಯ, ಜನಪದ ಎಂಬ ಭೇದವಿಲ್ಲ. ಹೆಣ್ಣುಮಕ್ಕಳ ಅರ್ಜಿಗೆ ವಯೋಮಿತಿ ಇಲ್ಲ. ಕೊನೆಯ ದಿನಾಂಕ ಮತ್ತು ಶಿಷ್ಯವೇತನದ ಮೊತ್ತ ಈ ವರದಿಯ ಪ್ರಕಟಣೆ ಪುಟದಲ್ಲಿವೆ.

ಮುದ್ರಣ ಮತ್ತು ಬರಹವನ್ನು ಸಂಗೀತ ಬಲ್ಲವರು ಹೆಸರು ನೋಡದೆ ಪರಿಶೀಲಿಸುತ್ತಾರೆ. ಆರ್ಥಿಕ ಸ್ಥಿತಿಯನ್ನು ಸಮಿತಿ ನೋಡುತ್ತದೆ. ಶಿಷ್ಯವೇತನ ಪಡೆದವರು ವರ್ಷಕ್ಕೊಮ್ಮೆ ಈ ಸಭೆಗೆ ಬಂದು ತಮ್ಮ ಕೆಲಸ ಎಲ್ಲಿಗೆ ಬಂದಿದೆ ಎಂದು ಹತ್ತು ನಿಮಿಷ ಹೇಳಬೇಕು. ಅವರು ಹಿಂದಿರುಗಿಸಬೇಕಾದದ್ದು ಅಷ್ಟೇ.

ಈ ಮೂರು ನಾಲ್ಕು ವರ್ಷಗಳಲ್ಲಿ ನಮ್ಮ ಟ್ರಸ್ಟಿನ ನೆರವಿನಿಂದ ಒಂದೇ ಒಂದು ಒಳ್ಳೆಯ ಪ್ರಬಂಧ ಹೊರಬಂದರೂ, ಅದು ಯಾವುದೋ ಗ್ರಂಥಾಲಯದಲ್ಲಿ ಕುಳಿತು ನಾವು ಯಾರೂ ನೋಡದ ವಿದ್ಯಾರ್ಥಿಗಳಿಗೆ ಕಲಿಸುತ್ತಿರುತ್ತದೆ. ಅಂಥ ಕೆಲಸಕ್ಕೆ ಕೈ ಜೋಡಿಸುವ ಎಲ್ಲರಿಗೂ ಅಲ್ಲಾಹನು ಒಳಿತನ್ನು ಕರುಣಿಸಲಿ. ಖಾತೆಗೆ ಕೊಡುವವರು ದಯವಿಟ್ಟು ಹೊರಬಾಗಿಲ ಬಳಿಯ ಮೇಜಿನಲ್ಲಿ ಪ್ರತ್ಯೇಕ ರಸೀದಿ ಪುಸ್ತಕ ಕೇಳಿ ಪಡೆಯಿರಿ.